ಮತ್ತೆ ಹತ್ತಲಾಗದ ಬೆಟ್ಟ

ಯಾಸ್ಮಿನ್ ಮದ್ದೂರಿನಲ್ಲಿ ರೈಲು ಹತ್ತುತ್ತಿದ್ದಳು, ನಾನು ಹನಕೆರೆಯಲ್ಲಿ. ಇಬ್ಬರೂ ಮಂಡ್ಯದ ಕಾಲೇಜುಗಳಿಗೆ ಹೋಗುವವರು. ಅವಳದು ಎಂಜಿನಿಯರಿಂಗ್, ನನ್ನದು ಬಿ.ಎಸ್ಸಿ. ಕಿಟಕಿ ಪಕ್ಕದ ಜಾಗದಲ್ಲಿ ಬ್ಯಾಗಿಟ್ಟು, ಕೇಳಿದವರ ಜೊತೆಗೆಲ್ಲ ಜಗಳವಾಡಿ ನನಗೆಂದು ಉಳಿಸಿರುತ್ತಿದ್ದಳು. ಅವಳ ಅಬ್ಬಾ ಮಕ್ಸೂದ್ ಸಾಬರಿಗೆ ಮದ್ದೂರಿನಲ್ಲಿ ಲೇತ್ ಅಂಗಡಿ. ಸುತ್ತಲಿನ ಆಲೆಮನೆಗಳ ಗಾಣ ಕೆಟ್ಟರೂ, ಪಂಪ್‌ಸೆಟ್ಟಿನ ಶಾಫ್ಟ್ ಸವೆದರೂ ಜನ ಅವರ ಬಳಿಗೇ ಬರುತ್ತಿದ್ದರು. ಕಬ್ಬಿಣದ ಸುರುಳಿ ಸಿಪ್ಪೆಗಳ ನಡುವೆ ಬೆಳೆದ ಹುಡುಗಿ ಅವಳು. ಪರೀಕ್ಷೆಯ ದಿನವೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಕಪ್ಪು ಇದ್ದೇ ಇರುತ್ತಿತ್ತು.

ಓದು ಮುಗಿದ ಮೇಲೆ ಅವಳಿಗೆ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಆಕಾಶ ನೋಡುವ ದೊಡ್ಡ ದೂರದರ್ಶಕಗಳಿಗೆ ಬೇಕಾದ ಉಪಕರಣಗಳನ್ನು ಕಟ್ಟುವ ವಿಭಾಗ ಅದು. ಸೇರಿದ ಸ್ವಲ್ಪ ದಿನಕ್ಕೇ, ಕೆಟ್ಟ ಮೋಟಾರೊಂದನ್ನು ಬದಲಿಸಲು ಅವಳನ್ನು ಲಡಾಖಿನ ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಕಳಿಸಿದರು. ಹಿಂದಿರುಗಿದವಳು ನೇರ ಹನಕೆರೆಗೆ, ನಮ್ಮ ಮನೆಗೆ ಬಂದಳು.

“ಅಲ್ಲಿ ಏನೂ ಇಲ್ಲ ಕಣೇ,” ಅಂದಳು. “ಮರ ಇಲ್ಲ, ಸದ್ದಿಲ್ಲ. ಆದ್ರೂ ಬರಕ್ಕೇ ಮನಸ್ಸಾಗ್ಲಿಲ್ಲ.”

ಆಮೇಲೆ ಬೆಟ್ಟದ ಕೆಲಸ ಯಾವುದಿದ್ದರೂ ಅದನ್ನು ಅವಳೇ ಕೇಳಿ ಪಡೆಯುತ್ತಿದ್ದಳು. ಚಳಿಗೆ ಸ್ಪ್ಯಾನರ್ ಅಂಗೈಗೆ ಅಂಟಿಕೊಳ್ಳುವುದನ್ನು, ಮೆಟ್ಟಿಲು ಹತ್ತಿದರೆ ಎದೆ ಡವಡವ ಎನ್ನುವುದನ್ನು ಹಬ್ಬದೂಟದ ವಿಷಯ ಹೇಳುವ ಹಾಗೆ ಹೇಳುತ್ತಿದ್ದಳು.

ಮುಂದೆ ಒಂದು ಹೊಸ ಉಪಕರಣದ ಕೆಲಸ ಅವಳ ಪಾಲಿಗೆ ಬಂತು. ದೂರದರ್ಶಕ ಬೆಳಕನ್ನು ಕೂಡಿಹಾಕುತ್ತದೆ ಅಷ್ಟೆ. ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ನಕ್ಷತ್ರದಲ್ಲಿ ಏನೇನಿದೆಯೆಂದು ತೋರಿಸುವುದು ಅದರ ಹಿಂಬದಿಗೆ ಜೋಡಿಸುವ ಸ್ಪೆಕ್ಟ್ರೋಗ್ರಾಫ್. ಇವರು ಕಟ್ಟಬೇಕಾದದ್ದು ಗಾಳಿ ತೆಗೆದು ಮುಚ್ಚಿದ ಪೀಪಾಯಿಯಂಥದು. ಅದರ ಒಳಗು ಹಿಮಕ್ಕಿಂತ ಎಷ್ಟೋ ಪಾಲು ತಣ್ಣಗಿರಬೇಕು. ಯಾಸ್ಮಿನ್ ಅದರ ನಕ್ಷೆ ಬರೆದಳು, ಭಾಗಗಳನ್ನು ಕಡೆಸಿದಳು, ಕೂಡಿಸಿ ಬಿಚ್ಚಿ ಮತ್ತೆ ಕೂಡಿಸಿದಳು. ಕೆಲಸ ಅರ್ಧಕ್ಕೆ ಬಂದಾಗ ಇಡೀ ಯೋಜನೆಯನ್ನೇ ಅವಳ ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ಬರೀ ಮೀಟಿಂಗು, ಟೆಂಡರು, ತಡವಾದದ್ದಕ್ಕೆ ಸಮಜಾಯಿಷಿ. ಅವಳ ಉಗುರುಗಳು ಸ್ವಚ್ಛವಾದವು. ಅದನ್ನು ಅವಳೇ ನನಗೆ ತೋರಿಸಿ ಬೇಸರಪಟ್ಟುಕೊಂಡಿದ್ದಳು. ಬೆಟ್ಟದ ಮೇಲೆ ಕೂರಿಸುವಾಗ ಮಾತ್ರ ತಾನೇ ಹೋಗಿ, ಕೈಯಾರೆ ಬೋಲ್ಟು ಬಿಗಿದು, ಕೆಲಸ ಮುಗಿದರೂ ಇಳಿಯದೆ ಇದ್ದುಬಿಡುತ್ತೇನೆ ಅನ್ನುತ್ತಿದ್ದಳು.

ಹಾಗಾಗಲಿಲ್ಲ. ಉಪಕರಣ ಲಾರಿಯಲ್ಲಿ ಬೆಟ್ಟಕ್ಕೆ ಹೊರಟ ವರ್ಷ, ಲೇಹ್ ತಲುಪುತ್ತಲೇ ಅವಳಿಗೆ ಕೆಮ್ಮು ಹತ್ತಿತು. ಮಲಗಿದರೆ ಉಸಿರು ಸಿಗದು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಕ್ಸಿಜನ್ ಕೊಟ್ಟು ವಿಮಾನದಲ್ಲಿ ದೆಹಲಿಗೆ ಇಳಿಸಿದರು. ಈ ಸಲ ಬದುಕಿಕೊಂಡಿದ್ದೀರಿ, ಇನ್ನೆಂದೂ ಅಷ್ಟು ಎತ್ತರಕ್ಕೆ ಹೋಗಬೇಡಿ ಎಂದು ಅಲ್ಲಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅವಳು ಮದ್ದೂರಿಗೆ ಬಂದು ಮಲಗಿದಳು. ಬೆಟ್ಟದ ಕೆಲಸಕ್ಕೆ ಅವಳ ಕೈಕೆಳಗೆ ಪಳಗಿದ, ನಮ್ಮ ಕಡೆಯವನೇ ಆದ ಹೊಳಲಿನ ಅಂಬರೀಶ ನಿಂತ.

ಅವಳನ್ನು ನೋಡಲೆಂದು ನಾನು ಹೋಗಿದ್ದ ಮಧ್ಯಾಹ್ನವೇ ಅಂಬರೀಶನ ಫೋನು ಬಂತು. ಯಾಸ್ಮಿನ್ ಸ್ಪೀಕರಿಗೆ ಹಾಕಿದಳು.

“ಅಕ್ಕಾ, ಒಳಗಿನ ಫಿಲ್ಟರ್ ಚಕ್ರ ತಿರುಗ್ತಾ ಇಲ್ಲ. ತಣ್ಣಗಾಗ್ತಿದ್ದಂಗೆ ಬೇರಿಂಗು ಇಡ್ಕಂಡ್‌ಬುಡ್ತದೆ. ಇಲ್ಲೇ ಬಿಚ್ಚವಾ ಅಂದ್ರೆ ಧೂಳು. ಒಳಕ್ಕೋದ್ರೆ ಕನ್ನಡಿಗಳು ಆಳಾಯ್ತವೆ. ಕೆಳಕ್ಕೆ ತಂದ್‌ಬುಡ್ಲಾ? ನೀವು ಊಂ ಅಂದ್ರೆ ಲಾರಿಯವ್ರಿಗೆ ಏಳ್ತೀನಿ.”

ಸ್ವಲ್ಪ ಹೊತ್ತು ಕೊಡು ಎಂದು ಫೋನಿಟ್ಟಳು. ಶಾಲು ಹೊದ್ದು ಹೊರಟವಳ ಹಿಂದೆಯೇ ನಾನೂ ಹೋದೆ. ಅವಳು ಹೋದದ್ದು ಲೇತ್ ಅಂಗಡಿಗೆ. ಅಂಗಡಿಯನ್ನು ಈಗ ಅವಳ ತಮ್ಮ ನಡೆಸುತ್ತಾನೆ. ಅಬ್ಬಾ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕಡೆದಿಟ್ಟಿದ್ದ ಒಂದು ಶಾಫ್ಟನ್ನು ಎತ್ತಿಕೊಂಡು ಬೆರಳಾಡಿಸುತ್ತ ನಿಂತಳು.

“ಕೆಳಕ್ಕೆ ತರಿಸೋದೇ ಸೇಫು,” ಅಂದಳು ನನಗೆ. “ಯಾರೂ ನನ್ ತಪ್ಪು ಅನ್ನಲ್ಲ. ಆದ್ರೆ ಸೇಫು ಅಂತ ತರಿಸ್ತೀನೋ, ಇನ್ನೊಂದ್ಸಲ ಮುಟ್ಬೋದು ಅಂತ ತರಿಸ್ತೀನೋ, ನಂಗೇ ಗೊತ್ತಾಗ್ತಿಲ್ಲ ಅರುಂಧತಿ.”

ಆಗ ನನಗೆ ಅವಳ ಸಂಕಟ ತಿಳಿಯಿತು. ಇಳಿಸಿದರೆ ಉಪಕರಣ ಬೆಂಗಳೂರಿಗೆ, ಅವಳ ಕೈಗೇ ಬರುತ್ತದೆ. ಆದರೆ ಸರಿಮಾಡಿ ಮತ್ತೆ ಕಳಿಸುವಷ್ಟರಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ, ಒಂದು ವರ್ಷ ಹಾಳು. ಅದನ್ನೇ ನಂಬಿ ಪಿಎಚ್.ಡಿ.ಗೆ ಕೂತ ಹುಡುಗ ಹುಡುಗಿಯರು ಕಾಯುತ್ತ ಕೂರಬೇಕು.

ಮಕ್ಸೂದ್ ಸಾಬರು ಎಲ್ಲ ಕೇಳಿಸಿಕೊಂಡಿದ್ದರು. ನಿನ್ನ ಎದೆ ನೆಟ್ಟಗಿದ್ದು, ನೀನೇ ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಉರ್ದುವಿನಲ್ಲಿ ಕೇಳಿದರು. ಅಲ್ಲೇ ಬಿಚ್ಚುತ್ತಿದ್ದೆ ಅಂದಳು ಯಾಸ್ಮಿನ್, ಥಟ್ಟನೆ. ಅಂದ ಮೇಲೆ ಶಾಫ್ಟನ್ನು ಮೆಲ್ಲಗೆ ಕೆಳಗಿಟ್ಟು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎದುರಿನ ರಸ್ತೆಯಲ್ಲಿ ಕಬ್ಬಿನ ಲೋಡು ಹೊತ್ತ ಟ್ರಾಕ್ಟರುಗಳು ಹೋಗುತ್ತಿದ್ದವು. ಅಲ್ಲಿಂದಲೇ ಅಂಬರೀಶನಿಗೆ ಫೋನು ಮಾಡಿದಳು.

“ಇಳಿಸ್ಬೇಡ ಕಣಪ್ಪ. ಅಲ್ಲೇ ಬಿಚ್ಚು.”

“ನೀವು ಇಲ್ದೆ ಎಂಗಕ್ಕಾ?”

“ನೀನಿದ್ದೀಯಲ್ಲ.”

ಪ್ಲಾಸ್ಟಿಕ್ ಹಾಳೆಯಲ್ಲಿ ಗುಡಾರ ಕಟ್ಟಿ ಧೂಳು ತಡೆಯುವುದು, ಆ ಬೇರಿಂಗು ತೆಗೆದು ಕೊಂಚ ಸಡಿಲಾದ ಇನ್ನೊಂದನ್ನು ಕೂರಿಸುವುದು, ಎಲ್ಲ ವಿವರಿಸಿದಳು. ವಿಡಿಯೋ ಕಾಲಿನಲ್ಲಿ ನೋಡುತ್ತ ಒಂದೊಂದಾಗಿ ಹೇಳಿಕೊಡುತ್ತೇನೆ ಅಂದಿದ್ದಳು. ಆದರೆ ಪೀಪಾಯಿಯ ಮುಚ್ಚಳ ತೆಗೆಯುವ ದಿನ ಬೆಟ್ಟದಲ್ಲಿ ಗಾಳಿಯೆದ್ದು ನೆಟ್‌ವರ್ಕ್ ಹೋಯಿತು. ಅಂಬರೀಶ ತಾನೇ ಬಿಚ್ಚಿದ, ತಾನೇ ಮುಚ್ಚಿದ. ಅದು ಮತ್ತೆ ತಣ್ಣಗಾಗುವ ತನಕ ಇವಳಿಗೆ ಊಟ ಸೇರಲಿಲ್ಲವಂತೆ.

ಚಕ್ರ ತಿರುಗಿತು. ಕೆಲವು ದಿನಗಳಲ್ಲಿ ಮೊದಲ ನಕ್ಷತ್ರದ ಬೆಳಕೂ ಬಿಚ್ಚಿಕೊಂಡು, ಗೆರೆಗೆರೆಯಾಗಿ ಅವಳ ಮೊಬೈಲಿಗೆ ಬಂತು. ಅಂಬರೀಶನಿಗೆ ಉಪಕರಣದ ಬಗ್ಗೆ ಎರಡು ಮಾತು ಹೇಳಿದವಳು, ಅಲ್ಲಿ ಗಾಳಿ ಹೇಗಿದೆ, ಕೆಳಗಿನ ಬಯಲು ಯಾವ ಬಣ್ಣಕ್ಕೆ ತಿರುಗಿದೆ, ಅಡುಗೆಯವನು ಇನ್ನೂ ಅದೇ ಉಪ್ಪು ಚಹಾ ಕೊಡುತ್ತಾನಾ ಎಂದು ಕೇಳುತ್ತಲೇ ಇದ್ದಳಂತೆ. ನನಗೇ ಫೋನಿಡಲು ಮನಸ್ಸು ಬರಲಿಲ್ಲಕ್ಕಾ ಎಂದು ಅವನೇ ಆಮೇಲೊಮ್ಮೆ ನನಗೆ ಹೇಳಿದ.

ಬೆಂಗಳೂರಿನ ಆಫೀಸಿನಲ್ಲಿ ಬೆಳಿಗ್ಗೆ ಅವಳು ಮೊದಲು ನೋಡುವುದು ಆ ಪೀಪಾಯಿಯ ಒಳಗಿನ ಉಷ್ಣತೆಯನ್ನು. ಪರದೆಯ ಮೇಲೆ ಒಂದು ಅಂಕಿ, ಅಷ್ಟೆ. ಅದನ್ನು ನೋಡದೆ ಚಹಾ ಕುಡಿಯುವುದಿಲ್ಲ.

ಹೋದ ವರ್ಷ ಅವಳನ್ನು ಮಳವಳ್ಳಿಗೆ, ನಾನು ಪಾಠ ಹೇಳುವ ಪಿಯು ಕಾಲೇಜಿಗೆ ಕರೆಸಿದ್ದೆ. ಮಕ್ಕಳಿಗೆ ಬೆಳಕಿನ ಗೆರೆಗಳನ್ನು ತೋರಿಸಿದಳು. ಅಲ್ಲಿಗೆ ನೀವು ಹೋಗ್ತಿರ್ತೀರಾ ಮೇಡಂ ಎಂದು ಹುಡುಗಿಯೊಬ್ಬಳು ಕೇಳಿದಳು. ಈಗ ಹೋಗುವ ಹಾಗಿಲ್ಲ ಎಂದು ಹೇಳಿ ಯಾಸ್ಮಿನ್ ಬೆಟ್ಟದ ಬಗ್ಗೆ ಮಾತು ಶುರುಮಾಡಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಸಂಜೆ ಮದ್ದೂರು ಬಸ್ಸಿಗೆ ಕಾಯುತ್ತ ನಿಂತಾಗ, ಬೆಟ್ಟದ ಮೇಲೆ ಇನ್ನೂ ದೊಡ್ಡ ದೂರದರ್ಶಕವೊಂದರ ಮಾತು ನಡೆದಿದೆ, ಅದರ ಉಪಕರಣದ ಹೊಣೆ ವಹಿಸಿಕೊಳ್ಳಲು ಕೇಳಿದ್ದಾರೆ ಅಂದಳು. ಏನಂದೆ ಎಂದು ಕೇಳಿದೆ. ಒಪ್ಪಿದೆ, ಮೊದಲ ನಕ್ಷೆಯಿಂದಲೇ ಅಂಬರೀಶ ಜೊತೆಗಿರಬೇಕು ಎಂದಿದ್ದೇನೆ ಅಂದಳು. ಅದನ್ನೂ ಕಟ್ಟಿ ಕಳಿಸಿ ಇಲ್ಲೇ ಉಳಿಯುವುದು ಹೇಗೆಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು.

“ಈ ವರ್ಸಾನೂ ಡಾಕ್ಟರನ್ನ ಕೇಳ್ದೆ ಕಣೇ, ಲೇಹ್ ತನಕ ಆದ್ರೂ ಹೋಗ್ಬಹುದಾ ಅಂತ. ಬೇಡ ಅಂದ್ರು. ಮುಂದಿನ್ ವರ್ಸ ಇನ್ನೊಬ್ರನ್ನ ಕೇಳ್ತೀನಿ.”

ಬಸ್ಸು ಬಂತು. ಹತ್ತಿ ಕೂತು, ಗಾಜು ಸರಿಸಿ ನನಗೆ ಕೈಬೀಸಿದಳು.