ಮೇಲಿನ ಸಾಲು ಅತ್ತೆಗೆ, ಕೆಳಗಿನ ಸಾಲು ಸೊಸೆಗೆ

ದೋಣಿ ರಿಪೇರಿಯವನ ಮಗಳು ಮದುವೆಯಾಗಿ ದ್ರಾಕ್ಷಿ ಗುಡ್ಡದ ಮನೆಗೆ ಬಂದಾಗ ಅವಳಿಗೆ ಗೊತ್ತಿದ್ದದ್ದು ಸಮತಟ್ಟಾದ ಮರಳು ಮಾತ್ರ. ಈ ಗುಡ್ಡವೋ, ಕಡಲ ದಂಡೆಯಿಂದಲೇ ನೆಟ್ಟಗೆ ಮೇಲೆದ್ದದ್ದು. ಕಲ್ಲುಗೋಡೆ ಕಟ್ಟಿ ಮಾಡಿದ ಹಂತಗಳ ಮೇಲೆಲ್ಲ ಬಳ್ಳಿಯ ಸಾಲು. ಮೊದಲ ಕೊಯ್ಲಿನಲ್ಲೇ ಬುಟ್ಟಿ ಸಮೇತ ಜಾರಿ, ಉರುಳಿಕೊಂಡು ಬಂದು, ಊಟಕ್ಕೆ ಕೂತಿದ್ದ ಕೆಲಸದವರ ಪಂಕ್ತಿಯಲ್ಲಿ ತಾನೂ ಕೂತಳು. ಏಟೇನೂ ಬೀಳಲಿಲ್ಲ, ಅಡ್ಡಹೆಸರು ಬಿತ್ತು: 'ಉರುಳುಗುಂಡು'. ಗಾಬರಿಯಿಂದ ಓಡಿಬಂದ ಅತ್ತೆ ಮೊದಲು ನೋಡಿದ್ದು ಬುಟ್ಟಿಯನ್ನು. "ಹಣ್ಣು ಜಜ್ಜಿಲ್ಲ, ಸದ್ಯ. ಏಳು," ಅಂದರು.

ಅತ್ತೆಯ ಮಾತೇ ಆ ಗುಡ್ಡಕ್ಕೆ ಕಾನೂನು. ಯಾವ ಕುಡಿ ಸವರಬೇಕು, ಯಾವ ಪೀಪಾಯಿ ತೊಳೆಯಬೇಕು, ಎಲ್ಲವೂ ಅವರದೇ. ಅವರ ಮಗ, ಅಂದರೆ ಉರುಳುಗುಂಡಿನ ಗಂಡ, ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮತ್ತು ಆಕಳಿಕೆಗೆ. ಸೊಸೆ ಮಾತ್ರ ಸುಮ್ಮನಿರುವವಳಲ್ಲ. ಕಲಿಯುತ್ತಾ ಕಲಿಯುತ್ತಾ ಎದುರು ಮಾತಾಡುವುದನ್ನೂ ಕಲಿತಳು.

ಒಂದು ವರ್ಷ ಹಣ್ಣು ಇನ್ನೇನು ಮಾಗಬೇಕು ಅನ್ನುವಾಗ ಕಡಲ ಗಾಳಿ ತಟಕ್ಕನೆ ನಿಂತಿತು. ಸೊಸೆ ಅಂಗಳದಲ್ಲಿ ನಿಂತು ಮೂಗೆಳೆದು ನೋಡಿದಳು. "ಅತ್ತೆ, ಮಳೆ ಬರುತ್ತೆ. ನಾಳೆನೇ ಕೊಯ್ದುಬಿಡೋಣ."

ಅತ್ತೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಕಚ್ಚಿದರು. "ಬೀಜ ಇನ್ನೂ ಹಸಿರು ಕಣೇ. ಈಗ ಕೊಯ್ದರೆ ವೈನ್ ಅಲ್ಲ, ಹಲ್ಲು ಜುಮ್ ಅನ್ನಿಸೋ ಔಷಧಿ ಆಗುತ್ತೆ."

"ಮಳೆ ಬಿದ್ರೆ ಹಣ್ಣೇ ಒಡೆದುಹೋಗುತ್ತಲ್ಲ?"

"ನಿನ್ನ ಮೂಗು ಮೀನಿಗೆ ಸರಿ. ದ್ರಾಕ್ಷಿಗೆ ನನ್ನ ಹಲ್ಲೇ ಸಾಕು."

ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಗುಡ್ಡವೇ ಪಾಲಾಯಿತು: ಮೇಲಿನ ಸಾಲು ಅತ್ತೆಗೆ, ಕೆಳಗಿನ ಸಾಲು ಸೊಸೆಗೆ. ಗಂಡ ಮರುದಿನ ಬೆಳಗ್ಗೆ ಹೆಂಡತಿಯ ಕೊಯ್ಲಿನ ಬುಟ್ಟಿ ಹೊತ್ತು, ಸಂಜೆ ಅಮ್ಮನ ಸಾಲಿನ ಹಕ್ಕಿ ಓಡಿಸಿದ.

ಮಳೆ ಬಂತು. ಆದರೆ ಎಲೆಯ ಧೂಳು ತೊಳೆಯುವಷ್ಟು ಬಂದು ಹೋಯಿತು. ಹಿಂದೆಯೇ ಚುರುಗುಟ್ಟುವ ಬಿಸಿಲು. ಸೊಸೆ "ಬಂತಲ್ಲ?" ಅಂದಳು. ಅತ್ತೆ "ಹೋಯ್ತಲ್ಲ?" ಅಂದರು. ಬಿಸಿಲು ಹಾಗೇ ಉಳಿದು, ಅತ್ತೆ ಕೊಯ್ಯುವ ಹೊತ್ತಿಗೆ ಹಣ್ಣು ಬೇಕಾದ್ದಕ್ಕಿಂತ ಹೆಚ್ಚೇ ಮಾಗಿತ್ತು.

ಎರಡು ತೊಟ್ಟಿಗಳಲ್ಲಿ ಹಣ್ಣು ತುಳಿದದ್ದಾಯಿತು. ರಸ ಬುಸುಗುಟ್ಟಿ ಉಕ್ಕಿತು. ಮೇಲೆ ತೇಲಿ ಬರುವ ಸಿಪ್ಪೆಯನ್ನು ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ನಿಂತು ಕೋಲಿನಿಂದ ಒಳಕ್ಕೆ ಒತ್ತಿದರು. ಉಕ್ಕು ಅಡಗಿದ ಮೇಲೆ ಹಿಂಡಿ, ಸೋಸಿ, ನೆಲಮಾಳಿಗೆಯ ಪೀಪಾಯಿಗಳಿಗೆ ತುಂಬಿದರು.

ಚಳಿ ಕಳೆಯಿತು. ಸೊಸೆ ತನ್ನ ಪೀಪಾಯಿಯ ವೈನ್ ಕದ್ದು ರುಚಿ ನೋಡಿದಳು. ಮುಖ ಕಿವುಚಿಹೋಯಿತು, ಅತ್ತೆ ಹೇಳಿದ ಔಷಧಿಯೇ! ಯಾರಿಗೂ ಹೇಳಲಿಲ್ಲ. ಊಟಕ್ಕೆ ಕೂತಾಗ "ನಿಮ್ಮದು ಹೇಗಾಗಿದೆ ಅತ್ತೆ?" ಅಂದರೆ, "ನನ್ನದಕ್ಕೇನು, ಬಂಗಾರ," ಅನ್ನುವ ಉತ್ತರ ಬರುತ್ತಿತ್ತು.

ಒಂದು ಮಧ್ಯಾಹ್ನ, ಮನೆಯೆಲ್ಲ ಕಣ್ಣು ಮುಚ್ಚಿದ್ದಾಗ, ಆ ಬಂಗಾರವನ್ನೊಮ್ಮೆ ನೋಡಿಯೇಬಿಡೋಣವೆಂದು ಅವಳು ಲೋಟ ಹಿಡಿದು ನೆಲಮಾಳಿಗೆಗೆ ಇಳಿದಳು. ಅಲ್ಲಿ ಅತ್ತೆ, ಸೊಸೆಯ ಪೀಪಾಯಿಯ ನಲ್ಲಿಗೆ ಲೋಟ ಹಿಡಿದು ಬಗ್ಗಿದ್ದರು!

"ಲೋಟ ತೊಳೀತಿದ್ದೆ," ಅಂದರು ಅತ್ತೆ.

"ವೈನಿನಲ್ಲಾ?"

ಅತ್ತೆ ನಕ್ಕುಬಿಟ್ಟರು. "ನಂದು ಮಂದ ಆಗಿದೆ ಕಣೇ. ಬೆಲ್ಲದ ಪಾಕ. ಕುಡಿದ್ರೆ ನಿದ್ದೆ ಬರುತ್ತೆ."

"ನಂದು ಕುಡಿದ್ರೆ ಸತ್ತವರೂ ಎದ್ದು ಕೂರ್ತಾರೆ ಅತ್ತೆ."

ಅತ್ತೆಯ ಲೋಟದಲ್ಲಿ ಅವರ ವೈನ್ ಆಗಲೇ ಅರ್ಧವಿತ್ತು. ಅದಕ್ಕೆ ಸೊಸೆಯದನ್ನು ಬೆರೆಸಿ ಕುಡಿದರು. ಲೋಟ ಕೆಳಗಿಡದೆ ಸೊಸೆಯ ಕೈಗೆ ಕೊಟ್ಟರು. ಅವಳು ಒಂದು ಗುಟುಕು ಕುಡಿದಳು. ಮೊದಲು ನಾಲಿಗೆಯ ತುದಿ ಚುರುಕಾಯಿತು, ಹಿಂದೆಯೇ ತುಂಬಿದ ಹಣ್ಣಿನ ರುಚಿ ಬಾಯಿಯೆಲ್ಲ ಹರಡಿತು. ಮೊದಲ ಸಲ ಅವಳಿಗೆ, ಈ ಗುಡ್ಡ ತನ್ನದೂ ಹೌದು ಅನ್ನಿಸಿತು.

ಆಮೇಲೆ ಶುರುವಾಯಿತು ಅಳತೆಯ ಜಗಳ. "ಇನ್ನೊಂಚೂರು ನಿಂದು." "ಸಾಕು ಅತ್ತೆ, ನಿಮ್ಮದು ಹಾಕಿ." ಸಂಜೆ ಗಂಡ ಹುಡುಕಿಕೊಂಡು ಬಂದಾಗ ಇಬ್ಬರೂ ಮೆಟ್ಟಿಲ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂತು, ಸುಮ್ಮಸುಮ್ಮನೆ ನಗುತ್ತಿದ್ದರು.

ಹಾಗೆ ಬೆರೆಸಿದ ಆ ವರ್ಷದ ವೈನನ್ನು ಬಂದರಿನ ಹೋಟೆಲಿನವನು ಒಂದು ಬಾಟಲಿಯನ್ನೂ ಬಿಡದೆ ಒಯ್ದ. ಮುಂದಿನ ಕೊಯ್ಲಿಗೂ ಗುಡ್ಡ ಎರಡು ಪಾಲಾಯಿತು, ಈ ಸಲ ಜಗಳವಿಲ್ಲದೆ. ಸಾಲುಗಳನ್ನು ಹಂಚಿಕೊಳ್ಳುತ್ತಿದ್ದಾಗ ಗಂಡ ಗಂಟಲು ಸರಿಮಾಡಿಕೊಂಡ. "ನಡುವಿನ ಸಾಲು ನನಗಿರಲಿ. ನನಗೂ ಒಂದು ಅಂದಾಜಿದೆ."

"ಸುಮ್ನಿರೋ," ಅಂದರು ಅತ್ತೆ.

"ಸುಮ್ನಿರಿ," ಅಂದಳು ಸೊಸೆ.