ಬೈಗುಳದ ಮಿರ್ಚಿ

ಗಾಂಧಿನಗರದ ನಮ್ಮ ಜೀನ್ಸ್ ಹೊಲಿಗೆ ಕಾರ್ಖಾನೆಯ ಎದುರು ಸಂಜೆ ಮಿರ್ಚಿ ಕರಿಯತೊಡಗಿದರೆ ನನಗೆ ಹಸಿವಿಗಿಂತ ಮೊದಲು ಹೆದರಿಕೆಯಾಗುತ್ತದೆ. ಈಗ ಯಾರೋ ನನ್ನನ್ನು ಬೈಯುತ್ತಾರೆ ಅನ್ನಿಸುತ್ತದೆ. ನಗಬೇಡಿ, ಇದು ರುದ್ರಪ್ಪನವರು ಹಚ್ಚಿದ ಅಭ್ಯಾಸ.

ರುದ್ರಪ್ಪನವರು ನಾನು ಕೆಲಸಕ್ಕೆ ಸೇರಿದಾಗಿನ ಮ್ಯಾನೇಜರು, ಕುರುಗೋಡಿನವರು. ಅವರು ಕೂಗಿದರೆ ಹೊಲಿಗೆ ಮಷೀನುಗಳ ಸದ್ದು ಅಡಗುತ್ತಿತ್ತು. "ಜೇಬು ಎಲ್ಲಿ ಹಚ್ಚೀಯಲೇ? ಜನ ಮೊಣಕಾಲಿಗೆ ಕೈ ಹಾಕ್ಕೊಂಡು ತಿರುಗಬೇಕೇನು?" ಎಂದು ಎಲ್ಲರೆದುರು ಮಾನ ಕಳೆದು, ಸ್ವಲ್ಪ ಹೊತ್ತಿಗೆ ಅದೇ ಮನುಷ್ಯನಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸುತ್ತಿದ್ದರು. ಬೈಗುಳ ದೊಡ್ಡದಾದಷ್ಟೂ ಪೊಟ್ಟಣ ದೊಡ್ಡದು. ಹಸಿವಾದಾಗ ಬೇಕೆಂದೇ ಸೊಟ್ಟ ಹೊಲಿಯುವ ಜಾಣರೂ ನಮ್ಮಲ್ಲಿದ್ದರು. ಹೆಸರು ಹೇಳುವುದಿಲ್ಲ, ಅವರಲ್ಲೊಬ್ಬ ಈಗ ಬೊಜ್ಜು ಬೆಳೆಸಿಕೊಂಡು ದಿನಾ ನನ್ನ ಕನ್ನಡಿಯಲ್ಲಿ ಕಾಣುತ್ತಾನೆ.

ಅವರು ನಿವೃತ್ತರಾದ ಮೇಲೆ ಸಿರುಗುಪ್ಪದಿಂದ ನೀಲಮ್ಮ ಮೇಡಂ ಬಂದರು. ಇನ್ನು ಮಜಾ ಎಂದುಕೊಂಡೆವು. ಮೇಡಂ ಬೈಯಲಿಲ್ಲ. ಕೆಟ್ಟ ಪ್ಯಾಂಟನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲೇ ಸ್ಟೂಲು ಎಳೆದು ಕೂತು, "ಊಟ ಆತೇನ್ರಿ? ಇದು ಹೆಂಗಾತು, ಹೇಳ್ರಿ" ಎನ್ನುತ್ತಿದ್ದರು. ಆಮೇಲೆ ಸುಮ್ಮನೆ ಕಾಯುವುದು. ನಾವು ಮಾಡಿದ ತಪ್ಪನ್ನೂ, ಮಾಡಬೇಕೆಂದಿದ್ದ ತಪ್ಪನ್ನೂ ಒಪ್ಪಿಕೊಂಡು ನಾವೇ ಬಿಚ್ಚಿ ಹೊಲಿಯುತ್ತಿದ್ದೆವು. ಮಿರ್ಚಿಯಂತೂ ಇಲ್ಲವೇ ಇಲ್ಲ.

ಮಾಲೀಕರ ಲೆಕ್ಕ ಬೇರೆ. ಬಾಗಿಲಲ್ಲಿ ನಿಂತರೆ ಅವರಿಗೆ ಕೂಗಾಟ ಕೇಳಿಸಬೇಕು. ಕೇಳಿಸದಿದ್ದರೆ ಒಳಗೆ ಮ್ಯಾನೇಜರೇ ಇಲ್ಲ. "ಹೆಣ್ಮಗಳ ಕೈಲಿ ಆಗಂಗಿಲ್ಲ ಅನಸ್ತೈತಿ. ಮುಂದಿನ ವಾರ ಬಂದು ನೋಡ್ತೀನಿ, ಇಲ್ಲಂದ್ರ ಬ್ಯಾರೆಯವ್ರನ್ನ ಕರಸ್ತೀನಿ" ಎಂದು ಹೋದರು. ನಮಗೆ ಗಾಬರಿಯಾಯಿತು. ಇಷ್ಟರಲ್ಲಿ ಮೇಡಂ ನಮಗೆ ಬೇಕಾದವರಾಗಿದ್ದರು.

"ಮೇಡಂ, ಅವ್ರು ಬಂದಾಗ ಒಂದ್ಸಲ ನನಗ ಬೈದುಬಿಡ್ರಿ" ಎಂದೆ. ಬೈಸಿಕೊಳ್ಳುವುದರಲ್ಲಿ ನನಗೆ ಅನುಭವವಿತ್ತಲ್ಲ.

ಮೇಡಂ ನಕ್ಕರು. "ರುದ್ರಪ್ಪನೋರು ಕೂಗಿದ್ರ ಖಡಕ್ ಅದಾರ ಅಂತಿದ್ರಿ. ನಾ ಕೂಗಿದ್ರ ಏನಂತೀರಿ?"

ಏನೆನ್ನುತ್ತಿದ್ದೆವೆಂದು ಎಲ್ಲರಿಗೂ ಗೊತ್ತಿತ್ತು.

ಮಾಲೀಕರು ಬಂದರು, ಕಿವಿಗೊಟ್ಟರು, ಮುಖ ಗಂಟಿಕ್ಕಿದರು. ಆಗ ಬಟ್ಟೆ ಕತ್ತರಿಸುವ ಖಾಜಾಸಾಬರು ಎದ್ದು ನಿಂತು, "ಸಾಹೇಬ್ರ, ಬೈಯೋರು ಬೇಕಂದ್ರ ದಿನಾ ನಾ ಬೈತೀನಿ. ಮ್ಯಾನೇಜರ್ ಕೆಲಸ ಮೇಡಂ ಮಾಡ್ಲಿ" ಎಂದರು. ಮಾಲೀಕರಿಗೂ ನಗು ತಡೆಯಲಾಗಲಿಲ್ಲ. ಮೇಡಂ ಉಳಿದರು. ಆ ದಿನದ ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಲಿಲ್ಲ.

ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಇವತ್ತು ಹೊಸ ಸೂಪರ್‌ವೈಸರ್ ರೇಣುಕಾ ಯಾರನ್ನೋ ಜೋರಾಗಿ ಗದರಿದಳು. ನೀರು ಕುಡಿಯುತ್ತಿದ್ದ ಇಬ್ಬರು ಗಂಡಸರು ನನ್ನತ್ತ ನೋಡಿ, "ಏನ್ ಬಾಯಿ ಐತ್ರೀ ಸರ್ ಆಕಿಗೆ!" ಎಂದು ಕಣ್ಣು ಮಿಟುಕಿಸಿದರು.

ನಾನೂ ನಗುವವನಿದ್ದೆ. ನಗು ಬರಲಿಲ್ಲ.

"ಬಾಯಿ ಅಲ್ರಪಾ," ಎಂದೆ. "ಖಡಕ್ ಅದಾಳ. ಹೋಗಿ ಕೆಲಸ ನೋಡ್ರಿ."