ಒಂದು ಕೈ ಸುಣ್ಣ

ನಿಮ್ಮೂರ ಗುಡಿಗೆ ಗ್ರಾನೈಟ್ ಬಂತೇ? ಬಂದಿಲ್ಲವಾದರೆ ಬರುತ್ತದೆ, ಅವಸರ ಬೇಡ. ಶಹಾಪುರದ ಆಚೆ ನಮ್ಮ ಗುಡ್ಡದ ಬಸವಣ್ಣನಿಗೆ ಬಂದಾಗಿದೆ. ಹೋದ ಸೋಮವಾರ ಅದರ ಮುಂದೆ ನಮ್ಮ ಚಿಗವ್ವ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದಳು, ಕಣ್ಣಲ್ಲಿ ನೀರು.

ಚಿಗವ್ವ ಎಂದರೆ ನನ್ನ ಚಿಕ್ಕಮ್ಮ, ಕಕ್ಕೇರಾದವಳು. ಮಗಳ ಹೆರಿಗೆ ಕಷ್ಟವೆಂದು ಡಾಕ್ಟರು ಹೇಳಿದ ದಿನವೇ ಹರಕೆ ಹೊತ್ತಿದ್ದಳು. ತಾಯಿ, ಮಗು ಇಬ್ಬರೂ ಉಳಿದರೆ ಬಸವಣ್ಣನ ಗೋಡೆಗೆ ಕೈಯಾರೆ ಸುಣ್ಣ ಹಚ್ಚುತ್ತೇನೆ, ಆಮೇಲೆಯೇ ಮಗು ತೊಟ್ಟಿಲಿಗೆ. ಇಬ್ಬರೂ ಉಳಿದರು. ತೊಟ್ಟಿಲು ಮರುದಿನ, ಮಂಗಳವಾರ. (ನೆಂಟರು ಆಗಲೇ ಬಂದು ಎರಡನೇ ಚಹಾಕ್ಕೆ ಕೂತಿದ್ದರು.)

ಈ ಗುಡಿ ಬೆಳೆದದ್ದೇ ಹರಕೆಯಿಂದ. ಮೊದಲು ಬೇವಿನ ಗಿಡದ ಬುಡಕ್ಕೊಂದು ಕಲ್ಲಿನ ಬಸವಣ್ಣ, ಅಷ್ಟೇ. ಎತ್ತು ಬದುಕಿತೆಂದು ರೈತನೊಬ್ಬ ಸುತ್ತ ಗೋಡೆ ಎಬ್ಬಿಸಿದ. ನಿಜಾಮನ ಕಾಲಕ್ಕೆ ಹತ್ತಿ ವ್ಯಾಪಾರಿಯೊಬ್ಬ ಕಲ್ಲುಕಂಬ ನಿಲ್ಲಿಸಿದ. ಕೆನಾಲಿಗೆ ನೀರು ಬಂತು, ಭತ್ತ ಬಂತು, ಹಿಂದೆಯೇ ಸ್ಲ್ಯಾಬ್ ಬಂತು. ಇಷ್ಟೆಲ್ಲ ಕೈಲಾಗದವರಿಗೆ? ಒಂದು ಕೈ ಸುಣ್ಣ. ಹರಕೆ ತೀರಿದಂತೆಲ್ಲ ಗೋಡೆ ದಪ್ಪವಾಗುತ್ತ ಹೋಯಿತು.

ಚಿಗವ್ವ ಗ್ರಾನೈಟಿಗೇ ಹಚ್ಚಿದಳು. ಸುಣ್ಣ ಜಾರಿ ನೆಲಕ್ಕೆ ಬಂತು. ಗುಡಿ ಕಮಿಟಿಯ ಅಧ್ಯಕ್ಷರು ಓಡಿ ಬಂದರು.

“ಯವ್ವಾ, ಬ್ಯಾಡ್ರಿ! ಪಾಲಿಶ್ ಹೊಲಸ ಆಗ್ತದ.”

“ಬಸವಣ್ಣಗ ಸುಣ್ಣ ಯಾವಾಗಿಂದ ಹೊಲಸ ಆತು? ನನ್ನ ಕೂಸಿನ ತೊಟ್ಟಿಲ ಏನ್ ಮಾಡ್ಲಿ?”

“ಡಬ್ಬಿ ಹುಂಡಿ ಬಾಜೂ ಇಟ್ಟು ಕೈ ಮುಗೀರಿ. ಮುಟ್ಟತದ.”

ನನಗೆ ಪಿತ್ತ ನೆತ್ತಿಗೇರಿತು. ನಾನು ಜಗಳಕ್ಕೆ ತೋಳೇರಿಸುವಷ್ಟರಲ್ಲಿ ಚಿಗವ್ವ ನಮ್ಮಿಬ್ಬರನ್ನೂ ಬಿಟ್ಟು ಪ್ರದಕ್ಷಿಣೆ ಹೊರಟಳು. ಗುಡಿಯ ಹಿಂದಿನಿಂದ ಕೂಗು ಕೇಳಿತು.

“ಏ, ಇಲ್ಲಿ ಬಾರೋ!”

ಹಿಂದಿನ ಗೋಡೆಗೆ ಗ್ರಾನೈಟ್ ಇಲ್ಲ. (ಅಲ್ಲಿ ದಾನಿಗಳ ಹೆಸರು ಕೆತ್ತಿಸಿದರೆ ಓದುವವರು ಯಾರು?) ಹಳೆಯ ಒರಟು ಗೋಡೆ, ಮೈತುಂಬ ಹೊಸ ಸುಣ್ಣ. ಸುರಪುರ, ಯಾದಗಿರಿ ಕಡೆಯ ಹೆಣ್ಣುಮಕ್ಕಳು ಸದ್ದಿಲ್ಲದೆ ಇಲ್ಲೇ ಹರಕೆ ತೀರಿಸಿ ಹೋಗುತ್ತಿದ್ದಾರೆ! ಚಿಗವ್ವ ಡಬ್ಬಿಗೆ ಕೈ ಅದ್ದಿ ಹಚ್ಚಿದಳು. ಹಿಡಿಯಿತು. ಅವಳು ನಕ್ಕಳು.

ಗುಡ್ಡ ಇಳಿಯುವಾಗ ಅಧ್ಯಕ್ಷರು ಖುಷಿಯಿಂದ ಸುದ್ದಿ ಕೊಟ್ಟರು. “ಹಿಂದಿನ ಗ್ವಾಡಿಗೂ ದಾನಿ ಸಿಕ್ಕಾರ್ರಿ.”

ಚಿಗವ್ವನ ಕಿರಿಮಗಳು ಈಗ ಐದು ತಿಂಗಳ ಬಸುರಿ. ಅವಳ ಹೆರಿಗೆಯ ಹರಕೆ ಸುಣ್ಣವನ್ನು ಅಧ್ಯಕ್ಷರ ಮನೆ ಗೋಡೆಗೆ ಹಚ್ಚಿಸೋಣವೇ?